ನಿಲ್ದಾಣದಲ್ಲಿ ನಿಂತ ಮಗು

ಧ್ರುವನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡನಾಡಿನಲ್ಲಿ ವಿರಳ. ತಂದೆಯ ತೊಡೆಯನ್ನೇರಲು ಹೋದ ಐದು ವರ್ಷದ ಬಾಲಕನನ್ನು ಮಲತಾಯಿ ಸುರುಚಿ ಕಟುನುಡಿಗಳಿಂದ ತಡೆದಳು. ತಂದೆ ಉತ್ತಾನಪಾದ ಸುಮ್ಮನೆ ಕುಳಿತಿದ್ದ. ಹುಡುಗ ಬಿಕ್ಕಿ ಬಿಕ್ಕಿ ಅಳುತ್ತ ಹೆತ್ತ ತಾಯಿ ಸುನೀತಿಯ ಬಳಿಗೆ ಬಂದ. ಕೊನೆಗೆ ಮನೆಯನ್ನೇ ಬಿಟ್ಟು ಕಾಡಿನ ಹಾದಿ ಹಿಡಿದ. ಮುಂದಿನದು ಎಲ್ಲರೂ ಬಲ್ಲ ಸಂಗತಿ: ಘೋರ ತಪಸ್ಸು, ಹರಿಯ ದರ್ಶನ, ಅಲುಗದ ಪದವಿ. ಅಂಗಳದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜಿ ಬೆರಳೆತ್ತಿ ತೋರಿಸುವುದು ಆ ನಕ್ಷತ್ರವನ್ನೇ.

ಆದರೆ ಭಾಗವತದ ಈ ಕಥೆಯ ನಡುವೆ ಒಂದು ಸಣ್ಣ ಪ್ರಸಂಗವುಂಟು. ಮನೆ ಬಿಟ್ಟ ಹುಡುಗನಿಗೆ ದಾರಿಯಲ್ಲಿ ನಾರದರು ಎದುರಾಗುತ್ತಾರೆ. ತಲೆಯ ಮೇಲೆ ಕೈಯಿಡುತ್ತಾರೆ. ಇದು ಆಡಿಕೊಂಡಿರಬೇಕಾದ ವಯಸ್ಸು, ಹಿಂದಿರುಗು ಎನ್ನುತ್ತಾರೆ. ಹುಡುಗ ಒಪ್ಪುವುದಿಲ್ಲ. ನಾರದರು ಅವನನ್ನು ಗದರಿಸುವುದೂ ಇಲ್ಲ, ರಟ್ಟೆ ಹಿಡಿದು ಎಳೆದೊಯ್ಯುವುದೂ ಇಲ್ಲ. ಅವನಿಗೆ ಬೇಕಾದ ಉಪದೇಶವನ್ನು ಕೊಟ್ಟು, ತಾವು ನೇರವಾಗಿ ಉತ್ತಾನಪಾದನ ಅರಮನೆಗೆ ನಡೆಯುತ್ತಾರೆ. ಅಲ್ಲಿ ಆ ರಾಜ, ಹಸಿದು ಬಾಡಿದ ತನ್ನ ಕಂದನನ್ನು ಕಾಡಿನ ತೋಳಗಳು ತಿಂದುಹಾಕಿದವೇನೋ ಎಂಬ ಭಯದಲ್ಲಿ ಬೇಯುತ್ತ ಕುಳಿತಿದ್ದಾನೆ. ನಾರದರು ಅವನೊಡನೆಯೂ ಮಾತನಾಡುತ್ತಾರೆ.

ಮನೆ ಬಿಟ್ಟ ಮಗುವಿಗೆ ದಾರಿಯಲ್ಲಿ ಒಬ್ಬರು ಎದುರಾಗಬೇಕು. ಆಮೇಲೆ ಅವರು ಆ ಮನೆಯ ಬಾಗಿಲಿಗೂ ಹೋಗಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪುರಾಣದ ಈ ಹಳೆಯ ತಿಳಿವಳಿಕೆಯನ್ನು ಬೆಂಗಳೂರಿನ ರೈಲ್ವೆ ನಿಲ್ದಾಣಗಳಲ್ಲಿ ಕೆಲವರು ದಿನನಿತ್ಯದ ಕಾಯಕವನ್ನಾಗಿ ಮಾಡಿಕೊಂಡಿದ್ದಾರೆ. ಅದನ್ನು ತಿಳಿದವರು ಮಾತ್ರ ಹೆಚ್ಚಿಲ್ಲ.

ಯಶವಂತಪುರದ ನಿಲ್ದಾಣವನ್ನೇ ನೋಡಬಹುದು. ಒಂದು ಕಾಲಕ್ಕೆ ಊರ ಹೊರಗಿನ ಜಂಕ್ಷನ್ ಆಗಿದ್ದ ಸ್ಥಳ ಇದು. ಇಂದು ದೆಹಲಿ, ಗೋರಖಪುರ, ಜಯಪುರಗಳಂಥ ದೂರದ ಊರುಗಳಿಗೆ ಇಲ್ಲಿಂದ ಗಾಡಿಗಳು ಹೊರಡುತ್ತವೆ. ಒಂದು ಕಡೆ ಈರುಳ್ಳಿ ಆಲೂಗೆಡ್ಡೆಗಳ ಮೂಟೆ ತುಂಬಿದ ಮಾರುಕಟ್ಟೆಯ ಅಂಗಳ, ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳು. ಮುಂಜಾನೆಯ ಗಾಡಿ ಬಂದು ನಿಂತಾಗ ಜನ ಹೊಳೆಯಂತೆ ಇಳಿದು ಹೊಳೆಯಂತೆ ಹರಿದುಹೋಗುತ್ತಾರೆ. ಹತ್ತು ನಿಮಿಷದಲ್ಲಿ ಪ್ಲಾಟ್‌ಫಾರಂ ಬರಿದಾಗುತ್ತದೆ. ಆ ಬರಿದಾದ ಹೊತ್ತಿನಲ್ಲಿ, ಹೋಗಲು ಎಲ್ಲಿಯೂ ಜಾಗವಿಲ್ಲದ ಹುಡುಗನೊಬ್ಬ ನೀರಿನ ನಲ್ಲಿಯ ಪಕ್ಕದಲ್ಲೋ ಕಲ್ಲುಬೆಂಚಿನ ತುದಿಯಲ್ಲೋ ಉಳಿದಿರುತ್ತಾನೆ.

ಆ ಹುಡುಗನಿಗೆ ಇಲ್ಲಿ ಹೆಸರಿಲ್ಲ. ಇಂಥ ಮಕ್ಕಳ ಹೆಸರನ್ನಾಗಲಿ, ಊರನ್ನಾಗಲಿ, ಶಾಲೆಯನ್ನಾಗಲಿ, ಚಿತ್ರವನ್ನಾಗಲಿ ಅಚ್ಚುಮಾಡಕೂಡದೆಂಬುದು 2015ರ ಬಾಲನ್ಯಾಯ ಕಾಯಿದೆಯ ಕಟ್ಟಪ್ಪಣೆ. ಮೀರಿದವರಿಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗಿನ ದಂಡವಿದೆ. ಆದ್ದರಿಂದ ವಾಚಕರು ಅವನನ್ನು ಊಹೆಯಲ್ಲಿಯೇ ಕಂಡುಕೊಳ್ಳಬೇಕು. ವಯಸ್ಸು ಹನ್ನೆರಡೋ ಹದಿಮೂರೋ ಇರಬಹುದು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕಾಲಲ್ಲಿ ಚಪ್ಪಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಯಾರಾದರೂ ನೋಡಿದರೆ, ಯಾರನ್ನೋ ಕಾಯುತ್ತಿರುವವನಂತೆ ಮುಖವನ್ನು ಬೇರೆ ಕಡೆಗೆ ತಿರುಗಿಸುತ್ತಾನೆ.

ಅವನೇಕೆ ಬಂದ? ಬಡತನದಿಂದ ಎಂದು ಉತ್ತರ ಹೇಳಿ ಮುಗಿಸುವುದು ಸುಲಭ. ಬಡತನವೇನೋ ಬಹಳ ಸಲ ಇರುತ್ತದೆ. ಆದರೆ ಬಡವರ ಮನೆಯ ಮಕ್ಕಳೆಲ್ಲ ಓಡಿಹೋಗುವುದಿಲ್ಲ; ಓಡಿಬಂದವರೆಲ್ಲ ಬಡವರ ಮಕ್ಕಳೂ ಅಲ್ಲ. ಕುಡಿದು ಬಂದು ಹೊಡೆಯುವ ತಂದೆ, ಮಲತಾಯಿಯ ತಾತ್ಸಾರ, ಶಾಲೆಯಲ್ಲಿ ಆದ ಅವಮಾನ, ಸಾಲಕ್ಕಾಗಿ ದುಡಿಮೆಗೆ ನೂಕಿದ ಬಂಧುಗಳು, ಪಟ್ಟಣದ ವೈಭವವನ್ನು ಬಣ್ಣಿಸಿದ ಗೆಳೆಯ, ಹೀಗೆ ಕಾರಣಗಳು ನೂರು. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಹೋಗಲು ಹೆದರಿ ರೈಲು ಹತ್ತಿದ ಹುಡುಗನ ತಂದೆ ಗುಮಾಸ್ತನೂ ಆಗಿರಬಹುದು, ಮೇಷ್ಟ್ರೂ ಆಗಿರಬಹುದು. ಉತ್ತಾನಪಾದನ ಮನೆಯಲ್ಲಿ ಕೊರತೆಯಾಗಿದ್ದುದು ಅನ್ನವಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಂಥ ಮಕ್ಕಳ ಸಂಖ್ಯೆ ಅಲ್ಪವೆಂದು ತಿಳಿಯಬಾರದು. ರೈಲ್ವೆ ರಕ್ಷಣಾ ಪಡೆಯವರು ದೇಶದ ನಿಲ್ದಾಣಗಳಲ್ಲಿ ಮತ್ತು ಗಾಡಿಗಳಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ ಕಂಡು ರಕ್ಷಿಸಿದ ಮಕ್ಕಳ ಸಂಖ್ಯೆ 84,119. ಒಂದೊಂದೇ ವರ್ಷವನ್ನು ನೋಡಿದರೆ, 2018ರಲ್ಲಿ 17,112. ಸಾಂಕ್ರಾಮಿಕದಿಂದಾಗಿ ಗಾಡಿಗಳೇ ನಿಂತುಹೋಗಿದ್ದ 2020ರಲ್ಲಿ 5,011. ಸಂಚಾರ ಮರಳಿದ ಮೇಲೆ 2022ರಲ್ಲಿ 17,756. ಗಾಡಿ ನಿಂತರೆ ಸಂಖ್ಯೆ ಇಳಿಯುತ್ತದೆ, ಗಾಡಿ ಹೊರಟರೆ ಏರುತ್ತದೆ. ನೊಂದ ಮಗುವಿಗೆ ರೈಲು ಎಷ್ಟು ಹತ್ತಿರದ ಬಾಗಿಲು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೀಗೆ ಬಂದಿಳಿದ ಮಗುವಿನ ಪಾಲಿಗೆ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಹಸಿವು ಮಾತನಾಡಲು ತೊಡಗಿದಾಗ, ಊಟ ಹಾಕಿಸುತ್ತೇನೆ ಎಂದವನೇ ಬಂಧು. ಅವನು ಹೋಟೆಲಿನ ಹಿಂಬಾಗಿಲಲ್ಲಿ ತಟ್ಟೆ ತೊಳೆಯಲು ಹಚ್ಚಬಹುದು. ಚಿಂದಿಯ ಚೀಲವನ್ನು ಹೆಗಲಿಗೇರಿಸಬಹುದು. ಅದಕ್ಕೂ ಕೆಟ್ಟದ್ದನ್ನು ಮಾಡಿಸಬಹುದು. ಹೆಣ್ಣುಮಗುವಾದರೆ ಅಪಾಯ ಇನ್ನೂ ಹತ್ತಿರದಲ್ಲಿ ಕಾದಿರುತ್ತದೆ. ಅವಳು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತಿರುವುದೇ ಇಲ್ಲ, ಯಾರೋ ಬಂದು ಕರೆದೊಯ್ದಿರುತ್ತಾರೆ. ಒಳ್ಳೆಯವರು ಎದುರಾಗುವುದಕ್ಕೂ ಕೆಟ್ಟವರು ಎದುರಾಗುವುದಕ್ಕೂ ನಡುವೆ ನಡೆಯುವ ಓಟದ ಪಂದ್ಯ ಇದು. ಸೇವೆಯೆಂದರೆ ಇಲ್ಲಿ ಮೊದಲನೆಯದಾಗಿ ಬೇಗ ತಲುಪುವುದು.

ಬೆಂಗಳೂರಿನಲ್ಲಿ ಈ ಪಂದ್ಯಕ್ಕೆ ಇಳಿದವರಲ್ಲಿ ಮೊದಲಿಗರನ್ನು ಹೇಳುವುದಾದರೆ ‘ಬಾಸ್ಕೊ’ ಸಂಸ್ಥೆಯನ್ನು ನೆನೆಯಬೇಕು. 1980ರಲ್ಲಿ, ನಗರದ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ಧರ್ಮಶಾಸ್ತ್ರವನ್ನು ಓದುತ್ತಿದ್ದ ಕೆಲವು ತರುಣರು ಗ್ರಂಥಗಳನ್ನು ಮುಚ್ಚಿಟ್ಟು ಬೀದಿಗೆ ಬಂದು ಅಲ್ಲಿಯ ಹುಡುಗರೊಡನೆ ಕುಳಿತು ಮಾತನಾಡತೊಡಗಿದರು. ಅದೇ ಆರಂಭ. ಅವರ ಪಂಥದ ಮೂಲಪುರುಷನಾದ ಜಾನ್ ಬಾಸ್ಕೊ 1841ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಮಾಡಿದ್ದೂ ಅದನ್ನೇ. ಹೊಸ ಕಾರ್ಖಾನೆಗಳ ಆ ಊರಿಗೆ ಕೂಲಿ ಹುಡುಕಿಕೊಂಡು ಬಂದ ಹಳ್ಳಿಯ ಹುಡುಗರು ಸೆರೆಮನೆ ಸೇರುತ್ತಿದ್ದುದನ್ನು ಕಂಡು ಮರುಗಿದ ಆ ಪಾದ್ರಿ, ಸೆರೆಮನೆಗಿಂತ ಮುಂಚೆ ತಾನು ಅವರನ್ನು ಮುಟ್ಟಬೇಕೆಂದು ಸಂಕಲ್ಪಮಾಡಿದ.

ಬೆಂಗಳೂರಿನ ತರುಣರು ಆತನ ಹೆಸರನ್ನು ಉಳಿಸಿಕೊಂಡೇ ಅದರ ಅಕ್ಷರಗಳಿಗೆ ಕನ್ನಡದ ಮೈಯನ್ನು ಕೊಟ್ಟರು: ‘ಬ್ಯಾಂಗಲೋರ್ ಓಣಿಯವರ ಸೇವಾ ಕೂಟ’. ಓಣಿ ಎಂಬ ಮಾತಿನ ಆಯ್ಕೆಯಲ್ಲಿ ಒಂದು ಔಚಿತ್ಯವಿದೆ. ಬೀದಿ ಯಾರದೂ ಅಲ್ಲ. ಓಣಿ ಎಂದರೆ ಅಲ್ಲಿ ಒಬ್ಬರನ್ನೊಬ್ಬರು ಬಲ್ಲ ಜನ ಇರುತ್ತಾರೆ. ಸಂಸ್ಥೆ ತನ್ನ ಆಶ್ರಯಧಾಮವೊಂದಕ್ಕೆ ಇಟ್ಟ ಹೆಸರೂ ಸರಳವಾದುದು: ‘ಬಾಸ್ಕೊ ಮನೆ’.

ನಿಲ್ದಾಣದಲ್ಲಿ ಈ ಕಾರ್ಯಕರ್ತರು ಕೆಲಸಮಾಡುವ ಬಗೆಯಲ್ಲಿ ಹೊರಗಿನವರಿಗೆ ಏನೂ ವಿಶೇಷ ಕಾಣದು. ಹುಡುಗನ ಪಕ್ಕದಲ್ಲಿ ಬಂದು ಕೂರುವುದು, ಊಟವಾಯಿತೇ ಎಂದು ಕೇಳುವುದು, ಅಷ್ಟೆ. ಯಾಕೆ ಓಡಿಬಂದೆ ಎಂಬ ಪ್ರಶ್ನೆ ಮೊದಲು ಬರಕೂಡದು. ಆ ಪ್ರಶ್ನೆಗೆ ಹೆದರಿಯೇ ಅವನು ಮನೆಯಿಂದ ಇಷ್ಟು ದೂರ ಬಂದಿದ್ದಾನೆ. ಕೇಳಿದರೆ ಸುಳ್ಳು ಹೇಳುತ್ತಾನೆ: ಹೆಸರು ಸುಳ್ಳು, ಊರು ಸುಳ್ಳು, ಅಪ್ಪ ಅಮ್ಮ ಇಲ್ಲವೆಂಬುದೂ ಎಷ್ಟೋ ಸಲ ಸುಳ್ಳು. ಆದರೆ ನುಡಿ ಸುಳ್ಳು ಹೇಳಲಾರದು. ‘ಹೋಗ್ಯಾನ್ರೀ’ ಎಂದ ಹುಡುಗ ಉತ್ತರದವನು, ‘ಹೋಗವ್ನೆ’ ಎಂದವನು ಮಂಡ್ಯದ ಕಡೆಯವನು. ಮಾತಿನ ಜಾಡು ಹಿಡಿದು ಬಲ್ಲವರು ಜಿಲ್ಲೆಯನ್ನು ಗುರುತಿಸುತ್ತಾರೆ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಮಗುವಾದರೆ ಆ ಭಾಷೆಯವರನ್ನು ಹುಡುಕಿ ತರಬೇಕು. ತಾಯಿನುಡಿಯ ಒಂದು ಮಾತು ಕಿವಿಗೆ ಬಿದ್ದೊಡನೆ, ಅಲ್ಲಿಯವರೆಗೆ ಕಲ್ಲಿನಂತೆ ಕುಳಿತಿದ್ದ ಮಗು ಗಳಗಳನೆ ಅತ್ತುಬಿಡುವುದುಂಟು. ಅತ್ತ ಮೇಲೆ ನಿಜವಾದ ಹೆಸರು ಹೊರಬರುತ್ತದೆ.

ಇಲ್ಲಿಂದ ಮುಂದೆ ಕಾನೂನಿನ ದಾರಿ. ಮಗುವನ್ನು ಕಂಡ 24 ಗಂಟೆಗಳೊಳಗೆ, ಪ್ರಯಾಣದ ಕಾಲವನ್ನು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಈ ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮ್ಯಾಜಿಸ್ಟ್ರೇಟರಿಗಿರುವ ಅಧಿಕಾರ ಅದಕ್ಕಿದೆ. ಮಗುವಿನ ಮನೆಯ ಸ್ಥಿತಿಗತಿಗಳನ್ನು 15 ದಿನಗಳಲ್ಲಿ ವಿಚಾರಿಸಿ ವರದಿ ತರಿಸಿಕೊಂಡು, ಮಗು ಎಲ್ಲಿರಬೇಕೆಂಬುದನ್ನು ಸಮಿತಿ ತೀರ್ಮಾನಿಸುತ್ತದೆ. ಆಶ್ರಯಧಾಮದ ವಾಸ ಕಟ್ಟಕಡೆಯ ಉಪಾಯವಾಗಿರಬೇಕು, ಸಾಧ್ಯವಿರುವ ಕಡೆ ಮಗು ಕುಟುಂಬವನ್ನೇ ಸೇರಬೇಕು ಎಂಬುದು ಕಾಯಿದೆಯ ಮೂಲತತ್ತ್ವಗಳಲ್ಲಿ ಒಂದು.

ಆದರೆ ಸೇರಿಸುವುದೆಂದರೇನು? ವಿಳಾಸ ತಪ್ಪಿದ ಪಾರ್ಸೆಲನ್ನು ರುಜು ಹಾಕಿಸಿಕೊಂಡು ಒಪ್ಪಿಸಿದಂತೆಯೇ? ಇಲ್ಲಿ ನೆನೆಯಬೇಕಾದ ಊರು ರಾಯಚೂರು. ಯಶವಂತಪುರದಿಂದ ಯಲಹಂಕದ ಮೂಲಕ ಉತ್ತರಕ್ಕೆ ಹೋಗುವ ಹಳಿ ಹಿಂದೂಪುರ, ಗುಂತಕಲ್ಲುಗಳನ್ನು ದಾಟಿ ಆ ಊರನ್ನೂ ಮುಟ್ಟುತ್ತದೆ. ಅಲ್ಲಿ 1992ರಲ್ಲಿ ಪ್ರಮೋದ ಕುಲಕರ್ಣಿಯವರು ಆರಂಭಿಸಿದ ‘ಸಾಥಿ’ ಎಂಬ ಸಂಸ್ಥೆ, ಪ್ಲಾಟ್‌ಫಾರಂ ಮಕ್ಕಳಿಗೆ ಮೊದಲು ಊಟ ವಸತಿಗಳನ್ನು ಒದಗಿಸಲೆಂದು ಹೊರಟಿತು. ಕೆಲಸ ಸಾಗಿದಂತೆ ಅವರಿಗೆ ಒಂದು ವಿಷಯ ಮನದಟ್ಟಾಯಿತು. ಎಷ್ಟು ಒಳ್ಳೆಯ ಆಶ್ರಯಧಾಮವೂ ಮನೆಯಾಗಲಾರದು. ಮನೆಗೆ ಮರಳಬಲ್ಲ ಮಕ್ಕಳ ಸಂಖ್ಯೆ ಜನ ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಅಂದಿನಿಂದ ಅದರ ಮುಖ್ಯ ಉದ್ಯೋಗವೇ ಮಕ್ಕಳನ್ನು ಮನೆಗೆ ಮುಟ್ಟಿಸುವುದಾಯಿತು. ಈ ಕಾರ್ಯವನ್ನು ಕುರಿತು ಮಾಲ್ಕಂ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಅವರು ಬರೆದ ಇಂಗ್ಲಿಷ್ ಗ್ರಂಥವೊಂದು 2013ರಲ್ಲಿ ಪ್ರಕಟವಾಗಿದೆ.

ನಿನ್ನೆ ಬಂದ ಮಗು ಇಂದು ಮರಳಲು ಒಪ್ಪಬಹುದು. ವರ್ಷಗಟ್ಟಲೆ ಪ್ಲಾಟ್‌ಫಾರಮ್ಮಿನಲ್ಲೇ ಬೆಳೆದ ಹುಡುಗನ ಮಾತು ಬೇರೆ. ಅವನಿಗೆ ಮನೆಯೆಂದರೆ ಪೆಟ್ಟಿನ ನೆನಪು ಮಾತ್ರ. ತಾನೂ ಹಾಳಾಗಿದ್ದೇನೆ, ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ ಬೇರೆ. ಇಂಥವರಿಗಾಗಿ ಸಾಥಿಯವರು ಸುಮಾರು ಒಂದು ತಿಂಗಳ ಶಿಬಿರಗಳನ್ನು ನಡೆಸುತ್ತ ಬಂದರು. ಊರ ಗದ್ದಲದಿಂದ ದೂರದಲ್ಲಿ ಆಟ, ಪಾಠ, ಹಾಡು. ಚಟಗಳ ಸೆಳೆತ ಸಡಿಲಾಗುವಂತೆ ನಿಯಮದ ದಿನಚರಿ. ನಡುನಡುವೆ ಮನೆಯ ಮಾತು. ಅಮ್ಮ ಮಾಡುತ್ತಿದ್ದ ಅಡಿಗೆ ಯಾವುದು, ಜಾತ್ರೆ ಯಾವ ತಿಂಗಳು, ತಂಗಿ ಈಗ ಎಷ್ಟು ಬೆಳೆದಿರಬಹುದು. ಮರೆತಂತೆ ಇದ್ದುದೆಲ್ಲ ಒಂದೊಂದಾಗಿ ಮೇಲೆ ಬರುತ್ತದೆ. ಶಿಬಿರದ ಕೊನೆಯ ದಿನ ತಂದೆತಾಯಿಗಳು ಬರುತ್ತಾರೆ. ಮಗ ಸತ್ತನೆಂದೇ ಎಣಿಸಿ ಕರ್ಮವನ್ನು ಮುಗಿಸಿದ ತಾಯಿ, ತನ್ನ ಎತ್ತರಕ್ಕೆ ಬೆಳೆದು ನಿಂತ ಹುಡುಗನನ್ನು ಎದುರಿಗೆ ಕಂಡರೆ ಆಡಬಹುದಾದ ಮಾತು ಯಾವುದು?

ಎಲ್ಲ ಕಥೆಗಳೂ ಹೀಗೆ ಮುಗಿಯುತ್ತವೆಂದು ಹೇಳಿದರೆ ಅದು ಕಾದಂಬರಿಯ ಮಾತಾದೀತು. ಮರಳಿದ ಮಗು ಮತ್ತೆ ಓಡಿಬರುವುದುಂಟು. ಮನೆಯಲ್ಲಿ ಕುಡಿತ ನಿಂತಿಲ್ಲ, ಪೆಟ್ಟು ನಿಂತಿಲ್ಲ, ಸಾಲ ತೀರಿಲ್ಲ. ಹುಡುಗನೊಬ್ಬನೇ ಬದಲಾಗಿ ಬಂದರೆ ಆಗುವುದೇನು? ಕೆಲವು ಮನೆಗಳಿಗಂತೂ ಮಗುವನ್ನು ಕಳುಹಿಸಲೇಬಾರದು. ಅಲ್ಲಿ ನಡೆದುದನ್ನು ಮಗು ನಡುಗುತ್ತ ಹೇಳಿದಾಗ ರಕ್ತಸಂಬಂಧದ ಪವಿತ್ರತೆಯ ಮಾತು ಬಾಯಲ್ಲೇ ಉಳಿಯುತ್ತದೆ. ಮನೆಗೆ ಕಳುಹಿಸುವುದು ಧರ್ಮವೋ ಕಳುಹಿಸದಿರುವುದು ಧರ್ಮವೋ ಎಂಬ ಈ ಪ್ರಶ್ನೆಯನ್ನು ಕಾರ್ಯಕರ್ತರು ಪ್ರತಿ ಮಗುವಿನ ವಿಷಯದಲ್ಲಿಯೂ ಹೊಸದಾಗಿ ಎದುರಿಸಬೇಕು. ತಪ್ಪಿದರೆ ದಂಡ ತೆರುವುದು ಮಗು. ಆದುದರಿಂದಲೇ ಮನೆಯನ್ನು ಮೊದಲು ನೋಡಿ ಬರಬೇಕು, ತಂದೆಯೊಡನೆ ಕುಳಿತು ಮಾತನಾಡಬೇಕು, ಶಾಲೆಯ ಹೆಸರನ್ನು ಮತ್ತೆ ಹಚ್ಚಿಸಬೇಕು, ತಿಂಗಳುಗಳ ಕಾಲ ವಿಚಾರಿಸುತ್ತಿರಬೇಕು. ನಾರದರು ಅರಮನೆಗೆ ಹೋದ ಹಾಗೆ.

ಈ ಕೊನೆಯ ಕೆಲಸಕ್ಕೆ ದಾನಿಗಳು ಸಿಗುವುದು ಕಷ್ಟ. ಮಗುವಿನ ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಳಿಗೆಯ ಊಟ ಹಾಕಿಸುವುದು ನಗರದ ಸದ್ಗೃಹಸ್ಥರಲ್ಲಿ ಪ್ರೀತಿಯ ವಾಡಿಕೆ, ಅದು ಒಳ್ಳೆಯದೇ. ಊಟ ಕಣ್ಣಿಗೆ ಕಾಣುತ್ತದೆ. ಉಂಡ ಮಕ್ಕಳು ಕೈಮುಗಿದು ಹಾಡು ಹೇಳುತ್ತಾರೆ. ಆದರೆ ಕಾರ್ಯಕರ್ತನೊಬ್ಬ ಹುಡುಗನನ್ನು ಕರೆದುಕೊಂಡು ಎರಡು ರಾತ್ರಿ ಪ್ರಯಾಣಮಾಡಿ ಗೊತ್ತಿಲ್ಲದ ಹಳ್ಳಿಯ ಬಾಗಿಲನ್ನು ತಟ್ಟಿದ್ದು, ಆರು ತಿಂಗಳ ಮೇಲೆ ಮತ್ತೆ ಅಲ್ಲಿಗೆ ಹೋಗಿ ವಿಚಾರಿಸಿದ್ದು, ಇವಕ್ಕೆ ಚಿತ್ರಪಟವಿಲ್ಲ, ಹಾಡಿಲ್ಲ. ಅನ್ನದಾನಕ್ಕೆ ಇರುವ ಪುಣ್ಯ ಒಂದು ರೈಲು ಟಿಕೆಟ್ಟಿಗೂ ಇದೆ ಎಂಬುದನ್ನು ಶಾಸ್ತ್ರಕಾರರು ಬರೆದಿಡಲಿಲ್ಲ. ಅವರ ಕಾಲದಲ್ಲಿ ರೈಲಿರಲಿಲ್ಲ.

ಇನ್ನು, ಟಿಕೆಟ್ ಹಿಡಿದು ನಿಲ್ದಾಣಕ್ಕೆ ಬರುವ ಸಾಮಾನ್ಯ ಪ್ರಯಾಣಿಕರ ಪಾಲು. ಒಂಟಿ ಮಗುವನ್ನು ಕಂಡಾಗ ಬಹುಮಂದಿ ಮಾಡುವುದು ಎರಡರಲ್ಲೊಂದು: ಒಂದು ನಾಣ್ಯ ಕೊಡುವುದು, ಇಲ್ಲವೆ ಪೆಟ್ಟಿಗೆಯನ್ನು ಹತ್ತಿರಕ್ಕೆಳೆದುಕೊಳ್ಳುವುದು. ಮೂರನೆಯದೊಂದು ಉಂಟು. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡುವುದು. ಹತ್ತು, ಒಂಬತ್ತು, ಎಂಟು ಎಂದು ಇಳಿಮುಖವಾಗಿ ಎಣಿಸಿದರೆ ಮಗುವಿಗೂ ಮರೆಯದ ಸಂಖ್ಯೆ ಅದು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲಿಮೋರಿಯಾ ಅವರು 1996ರಲ್ಲಿ ಪ್ರಯೋಗವೆಂದು ಹೂಡಿದ ಈ ಸಹಾಯವಾಣಿ ದೇಶವನ್ನೆಲ್ಲ ವ್ಯಾಪಿಸಿ, 2023ರಿಂದ ಸರ್ಕಾರದ ಕೈಯಲ್ಲಿದೆ. ನಿಲ್ದಾಣದಲ್ಲಿಯೇ ರಕ್ಷಣಾ ಪಡೆಯ ಸಿಬ್ಬಂದಿಗೆ ತಿಳಿಸಿದರೂ ಆಯಿತು. ಅವರು ಬರುವವರೆಗೆ ಮಗುವಿನ ಪಕ್ಕದಲ್ಲಿ ಕುಳಿತಿರಬೇಕು, ಚಿತ್ರ ತೆಗೆಯಬಾರದು, ನಾಲ್ಕು ಜನ ಸೇರಿಸಿ ಪ್ರಶ್ನೆ ಹಾಕಬಾರದು, ಮನೆಯಲ್ಲಿ ಕೈಗೊಂದು ಆಳಾಯಿತೆಂದು ಕರೆದೊಯ್ಯಲಂತೂ ಬಾರದು. ದಿಕ್ಕಿಲ್ಲದ ಮಗುವನ್ನು ಕಂಡು ಕೈಗೆ ತೆಗೆದುಕೊಂಡ ಯಾರೇ ಆದರೂ 24 ಗಂಟೆಗಳೊಳಗೆ ತಿಳಿಸಲೇಬೇಕೆಂಬುದು ಕಾಯಿದೆ, ತಿಳಿಸದಿರುವುದು ಅಪರಾಧ.

ಭಾಗವತದಲ್ಲಿ ಧ್ರುವ ಹಿಂದಿರುಗಿದ ದಿನದ ವರ್ಣನೆಯಿದೆ. ಸುದ್ದಿ ಕೇಳಿದ ಉತ್ತಾನಪಾದ ಅರಮನೆಯಲ್ಲಿ ಕಾಯುತ್ತ ಕೂರಲಿಲ್ಲ; ರಥವೇರಿ ಊರ ಹೊರಗೆ ಬಂದು, ಇಳಿದು, ಮಗನನ್ನು ಬಾಚಿ ತಬ್ಬಿಕೊಂಡ. ಅಂದು ತೊಡೆಯೇರಲು ಬಿಡದಿದ್ದ ಸುರುಚಿಯೇ ಇಂದು ಕಾಲಿಗೆರಗಿದ ಬಾಲಕನನ್ನು ಎತ್ತಿ, ಗದ್ಗದ ಕಂಠದಿಂದ ಬಾಳು ಎಂದು ಹರಸಿದಳು. ಹೋದ ಹುಡುಗ ಬಂದ. ಅಷ್ಟರಲ್ಲಿ ಮನೆಯೂ ಬದಲಾಗಿತ್ತು.

ಇಂದು ಸಂಜೆಯೂ ಯಶವಂತಪುರದಲ್ಲಿ ಗಾಡಿಗಳು ಬಂದು ನಿಲ್ಲುತ್ತವೆ. ಜನ ಇಳಿದು ಅವಸರದಿಂದ ಮನೆಗೆ ನಡೆಯುತ್ತಾರೆ. ಬೆಂಚಿನ ತುದಿಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುವುದಕ್ಕೆ ಬೇಕಾಗುವುದು ಅರ್ಧ ನಿಮಿಷ.